ನರ್ಸಬಾಯಿಯವರ ತಂಪು ಪೆಟ್ಟಿಗೆ

ಹಾಲು ಕೆಟ್ಟರೆ ಒಡೆಯುತ್ತದೆ, ಅನ್ನ ಹಳಸಿದರೆ ನಾರುತ್ತದೆ. ಲಸಿಕೆ ಕೆಟ್ಟರೆ ಮಾತ್ರ ಬಹುಸಲ ನೋಡಿದವರಿಗೆ ಏನೂ ತಿಳಿಯದು. ಸೀಸೆ ಅದೇ, ಸೂಜಿ ಅದೇ, ಕೂಸು ಅಳುವುದೂ ಅಷ್ಟೇ. ಆದರೆ ರೋಗದಿಂದ ರಕ್ಷಣೆ ಸಿಕ್ಕಿರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಲಸಿಕೆಯನ್ನು ಕೆಡದಂತೆ ಹೇಗೆ ಕಾಯುತ್ತಾರೆಂಬುದನ್ನು ತೋರಿಸಲು ವಿಜ್ಞಾನದ ಗುರುಗಳು ನಮ್ಮನ್ನು ಅಕ್ಕಲಕೋಟೆ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದರು.

ಅಲ್ಲಿ ನರ್ಸಬಾಯಿಯವರು ಮೊದಲು ತೋರಿಸಿದ್ದು ಐ.ಎಲ್.ಆರ್. ಎಂಬ, ಸಂದೂಕದಂತೆ ಮೇಲಕ್ಕೆ ತೆರೆಯುವ ಫ್ರಿಜ್ಜು. ತಂಪು ಗಾಳಿ ಭಾರವಾದುದರಿಂದ ಮುಚ್ಚಳ ತೆಗೆದರೂ ಅದು ಕೆಳಗೇ ಉಳಿಯುತ್ತದೆ. ಗೋಡೆಗಳಲ್ಲಿ ಮಂಜುಗಡ್ಡೆಯ ಪದರು ಇರುವುದರಿಂದ ದಿನಕ್ಕೆ 8 ತಾಸು ಕರೆಂಟು ಇದ್ದರೂ ಸಾಕಂತೆ. ನಮ್ಮ ಹಳ್ಳಿಗಳ ಕರೆಂಟಿನ ಗುಣ ಬಲ್ಲವರೇ ಇದನ್ನು ಮಾಡಿರಬೇಕು! ಒಳಗೆ ಉಷ್ಣತೆ 2 ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ದಿನಕ್ಕೆ ಎರಡು ಸಲ ನೋಡಿ ವಹಿಯಲ್ಲಿ ಬರೆಯಬೇಕು.

"ಎರಡಕ್ಕಿಂತ ಕೆಳಗ ಹೋದ್ರ ಇನ್ನೂ ಛಲೋ ಅಲ್ಲೇನ್ರಿ ಅಕ್ಕಾರ?" ಎಂದು ನಮ್ಮಲ್ಲೊಬ್ಬನು ಕೇಳಿದನು.

"ಭಾಳ ಮಂದಿ ಹಂಗ ತಿಳಿತಾರ ತಮ್ಮಾ" ಎಂದು ಅವರು ನಕ್ಕರು. ಪೋಲಿಯೊ ಹನಿಗೆ ಬಿಸಿಯೇ ದೊಡ್ಡ ಶತ್ರು. ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳನ್ನು ತಡೆಯುವ ಪೆಂಟಾ ಲಸಿಕೆ ಹೆಪ್ಪುಗಟ್ಟಿದರೆ ಮುಗಿಯಿತು, ಮತ್ತೆ ಕರಗಿಸಿದರೂ ಉಪಯೋಗವಿಲ್ಲ. ಆದ್ದರಿಂದ ಪೋಲಿಯೊ ಕೆಳಗಿನ ಬುಟ್ಟಿಯಲ್ಲಿ, ಪೆಂಟಾ ಮೇಲಿನ ಬುಟ್ಟಿಯಲ್ಲಿ. ಹಳ್ಳಿಗೆ ಒಯ್ಯುವ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್‌ಗಳನ್ನು ಇಡುತ್ತಾರೆ. ಅವನ್ನೂ ಫ್ರೀಜರಿನಿಂದ ತೆಗೆದೊಡನೆ ಇಡಬಾರದು. ಅವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆಯೇ ಇಟ್ಟರು. ಈ ಸಪ್ಪಳ ಕೇಳಲು ನಾವೆಲ್ಲ ಮುಗಿಬಿದ್ದೆವು.

ಸೀಸೆಯ ಮೇಲೆ ಒಂದು ವರ್ತುಲ, ಅದರೊಳಗೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಅದು ವರ್ತುಲದ ಬಣ್ಣಕ್ಕೆ ಸಮವಾದರೆ ಲಸಿಕೆ ಹಾಕಬಾರದು. ಈ ಗುರುತು ಪೋಲಿಯೊ ಸೀಸೆಗಳ ಮೇಲೆ 1996 ರಲ್ಲಿ ಬಂದಿತು. 2014 ರಲ್ಲಿ ಭಾರತ ಪೋಲಿಯೊ-ಮುಕ್ತವೆಂದು ಘೋಷಿತವಾಯಿತು. ಆದರೆ ಹೆಪ್ಪುಗಟ್ಟಿ ಕೆಟ್ಟುದನ್ನು ಈ ಚೌಕ ಹೇಳಲಾರದು. ಅದಕ್ಕೆ ನರ್ಸಬಾಯಿಯವರ ಎಚ್ಚರವೇ ಬೇಕು.

ಅಂದು ಅವರೊಡನೆ ಅಂಗನವಾಡಿಗೂ ಹೋದೆವು. ಅಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ನೀರು ಬೆರೆಸಿ, ಸೀಸೆಯ ಮೇಲೆ ಹೊತ್ತು ಬರೆದರು: ಒಂಬತ್ತೂವರೆ. ಪೆಂಟಾ ಸೀಸೆ ತೆರೆದ ಮೇಲೂ, ನಿಯಮದಂತೆ ಇಟ್ಟರೆ, 28 ದಿನ ನಡೆಯುತ್ತದೆ. ಇದಕ್ಕೆ ನಾಲ್ಕೇ ತಾಸು. ಆಮೇಲೆ ಅದರಲ್ಲಿ ರೋಗಾಣು ಬೆಳೆದು ಕೂಸಿನ ಜೀವಕ್ಕೇ ಅಪಾಯವಾಗಬಹುದು.

ಎರಡು ಗಂಟೆಗೆ ಒಬ್ಬ ತಾಯಿ ಹೊಲದಿಂದ ಓಡುತ್ತ ಬಂದಳು. ಕಂಕುಳಲ್ಲಿ ಒಂಬತ್ತು ತಿಂಗಳ ಕೂಸು. "ಅಕ್ಕಾರ, ಅದರಾಗ ಇನ್ನೂ ಉಳದೈತಲ್ಲರಿ, ಅದನ್ನ ಹಾಕ್ರಿ" ಎಂದಳು. ನರ್ಸಬಾಯಿಯವರು ಆ ಸೀಸೆಯನ್ನು ಬದಿಗಿಟ್ಟು ಹೊಸದನ್ನು ತೆರೆದರು.

"ಒಂದ ಕೂಸಿಗೆ ಇಡೀ ಬಾಟ್ಲಿ ಒಡದ್ರಲ್ಲರಿ!" ಎಂದು ಬಾಗಿಲಲ್ಲಿ ಕುಳಿತ ಅಜ್ಜ ಲೊಚಗುಟ್ಟಿದನು.

"ಬಾಟ್ಲಿ ಇನ್ನೊಂದ ಬರತೈತಿ ಅಜ್ಜಾ" ಎಂದು ಹೇಳಿ, ಅವರು ಸೀಸೆಯ ಮೇಲೆ ಹೊಸ ಹೊತ್ತು ಬರೆದರು.