ದ್ರಾವಿಡ್ ಬೇಡವೆಂದ ಪಾಲು

ನಮ್ಮ ಕಡೆ ನಿವೃತ್ತಿ ಎಂದರೆ ಒಂದು ಶಾಲು, ಒಂದು ಹಾರ, ಒಂದು ಪೇಟ, ಒಂದು ಬುಟ್ಟಿ ಹಣ್ಣು. ಮೇಷ್ಟ್ರಿಗಾದರೂ ಅಷ್ಟೇ, ಬ್ಯಾಂಕಿನವರಿಗಾದರೂ ಅಷ್ಟೇ. ನಾಲ್ಕು ಜನ ಮೈಕಿನ ಮುಂದೆ ನಿಂತು, ಇಂಥವರು ಇನ್ನು ಸಿಗುವುದಿಲ್ಲ ಎನ್ನುತ್ತಾರೆ. ಮೂವತ್ತು ವರ್ಷ ಅಂಥವರು ಪಕ್ಕದಲ್ಲೇ ಇದ್ದಾಗ ಈ ಮಾತು ಯಾರ ಬಾಯಲ್ಲೂ ಬಂದಿರುವುದಿಲ್ಲ. ಹೆಂಗಸರಾದ ನಮಗೆ ಈ ತಾಪತ್ರಯವೇ ಇಲ್ಲ ಬಿಡಿ. ಒಲೆ ಮುಂದಿನ ಕೆಲಸಕ್ಕೆ ನಿವೃತ್ತಿಯೂ ಇಲ್ಲ, ಶಾಲೂ ಇಲ್ಲ!

ನಾನು ಕಂಡ ಬೀಳ್ಕೊಡುಗೆಗಳಲ್ಲಿ ಮನಸ್ಸಿನಲ್ಲಿ ನಿಂತಿರುವುದು ಒಂದೇ. ಅದನ್ನೂ ಕಂಡದ್ದು ಟಿ.ವಿ.ಯಲ್ಲಿ. 2024ರಲ್ಲಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಭಾರತ ಕ್ರಿಕೆಟ್ ತಂಡದ ತರಬೇತುದಾರರ ಕೆಲಸ ಮುಗಿಸಿ ಹೊರಟಾಗಿನದು. ಅಡುಗೆ ಪುಟ ಹುಡುಕುತ್ತಾ ಬಂದ ಸೋದರಿಯರು, ಕ್ರಿಕೆಟ್ ಎಂದ ಕೂಡಲೇ ಪುಟ ಮಗುಚಬೇಡಿ. ಇದರಲ್ಲಿ ಜಾಮೂ ಇದೆ, ಸೌಟೂ ಇದೆ.

ಜಾಮಿನಿಂದಲೇ ಶುರುಮಾಡುತ್ತೇನೆ. ದ್ರಾವಿಡ್ ಅವರ ತಂದೆ ಕಿಸಾನ್ ಜಾಮ್ ತಯಾರಿಸುವ ಕಂಪನಿಯಲ್ಲಿದ್ದರಂತೆ. ಹಾಗಾಗಿ ಜೊತೆಯ ಆಟಗಾರರು ಈ ಹುಡುಗನಿಗೆ 'ಜ್ಯಾಮಿ' ಎಂದೇ ಹೆಸರಿಟ್ಟರು. ತಾಯಿ ಪುಷ್ಪಾ ಅವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸಿದವರು, ಚಿತ್ರ ಕಲಾವಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಹುಡುಗನನ್ನು ಮೊದಲು ಗುರುತಿಸಿದವರು ಕೇಕಿ ತಾರಾಪೋರ್ ಎಂಬ ಹಿರಿಯ ತರಬೇತುದಾರರು. ಮುಂದೆ ಆ ಹುಡುಗ 164 ಟೆಸ್ಟ್ ಪಂದ್ಯ ಆಡಿ 13,288 ರನ್ ಗಳಿಸಿ, 2012ರ ಮಾರ್ಚಿನಲ್ಲಿ ಆಟಕ್ಕೆ ವಿದಾಯ ಹೇಳಿದ್ದು ಎಲ್ಲರಿಗೂ ಗೊತ್ತು. ಜನ 'ಗೋಡೆ' ಎಂದು ಕರೆದರು. ಗೋಡೆ ಇರುವಾಗ ಅದನ್ನು ಯಾರೂ ನೋಡುವುದಿಲ್ಲ, ಬಿದ್ದಾಗಲೇ ಅದು ಇತ್ತೆಂದು ತಿಳಿಯುವುದು.

ಆಡುವವನಿಗಾದರೆ ರನ್ ಇದೆ, ವಿಕೆಟ್ ಇದೆ, ಬೋರ್ಡಿನ ಮೇಲೆ ಹೆಸರಿದೆ. ತರಬೇತುದಾರನಿಗೆ ಏನಿದೆ? ಯಾರಿಗೆ ಮೈ ಹುಷಾರಿಲ್ಲ, ಯಾರಿಗೆ ಮನಸ್ಸು ಸರಿಯಿಲ್ಲ, ಯಾರನ್ನು ಗದರಬೇಕು, ಯಾರನ್ನು ಸುಮ್ಮನೆ ಬಿಡಬೇಕು ಎಂದು ನೋಡಿಕೊಂಡು ಆತ ಗೆರೆಯ ಆಚೆ ಕೂತಿರಬೇಕು. ಗೆದ್ದರೆ ಹುಡುಗರು ಚೆನ್ನಾಗಿ ಆಡಿದರು, ಸೋತರೆ ಇವನೇನು ಕಲಿಸಿದ? ಸಾರು ರುಚಿಯಾದರೆ ಸುಮ್ಮನೆ ಉಂಡು ಎದ್ದು, ಉಪ್ಪು ಒಂದು ಕಲ್ಲು ಹೆಚ್ಚಾದರೆ ತಟ್ಟೆ ಸರಿಸುವ ಮನೆಗಳಲ್ಲಿ ಬಾಳಿದ ನಮಗೆ ಇದು ಹೊಸದೇ?

ಈ ಕೆಲಸವನ್ನು ಅವರು ಚಿಕ್ಕ ಹುಡುಗರಿಂದ ಹಿಡಿದರು. 19 ವರ್ಷದೊಳಗಿನವರ ತಂಡ 2016ರ ವಿಶ್ವಕಪ್ ಫೈನಲ್‌ನಲ್ಲಿ ಸೋತಿತು, 2018ರಲ್ಲಿ ನ್ಯೂಜಿಲೆಂಡಿನಲ್ಲಿ ಗೆದ್ದಿತು. 2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ನೋಡಿಕೊಂಡರು. 2021ರ ನವೆಂಬರಿನಲ್ಲಿ ದೊಡ್ಡವರ ತಂಡ ಕೈಗೆ ಬಂತು.

ಅವರಿಗೆ ಒಂದು ಹಳೆಯ ನೋವಿತ್ತು. 2007ರಲ್ಲಿ ಅವರು ನಾಯಕರಾಗಿದ್ದಾಗ ವೆಸ್ಟ್ ಇಂಡೀಸಿನಲ್ಲಿ ನಡೆದ ವಿಶ್ವಕಪ್‌ನಲ್ಲಿ ನಮ್ಮವರು ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂದಿದ್ದರು. ಆಟಗಾರನಾಗಿ ವಿಶ್ವಕಪ್ ಕೈಗೆ ಬರಲೇ ಇಲ್ಲ. ತರಬೇತುದಾರರಾದ ಮೇಲೆ 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ, ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಆಗಲೇ ಬಿಟ್ಟು ಹೋಗುವವರಿದ್ದರು. ನಾಯಕ ರೋಹಿತ್ ಶರ್ಮಾ ಫೋನು ಮಾಡಿ ಇನ್ನೊಂದಿಷ್ಟು ದಿನ ಇರಿ ಎಂದು ಕೇಳಿಕೊಂಡರಂತೆ. ಇದ್ದರು.

ಕೊನೆಗೆ 2024ರ ಜೂನ್ 29, ಬಾರ್ಬಡೋಸ್. ಅದೇ ವೆಸ್ಟ್ ಇಂಡೀಸ್! ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಆ ಹೊತ್ತಿನಲ್ಲಿ ಹುಳು ತಿನ್ನುವುದು ನೋಡಬೇಕು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳುಮನೆಯಲ್ಲಿ ಕೂತರೆ ಮಳೆ ಬಿದ್ದಂತೆ ಸದ್ದು. ನಾನೂ ನಮ್ಮತ್ತೆಯೂ ರಾತ್ರಿ ಸೊಪ್ಪು ಹಾಕಿ ಬಂದು ಟಿ.ವಿ. ಮುಂದೆ ಕೂತೆವು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತದಲ್ಲಿ 30 ರನ್ ಬೇಕು, ಆರು ವಿಕೆಟ್ ಕೈಯಲ್ಲಿ. "ಹೋಯ್ತು ಬಿಡು" ಎಂದು ನಮ್ಮ ಮನೆಯವರು ಎದ್ದೇ ಬಿಟ್ಟರು. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಗೆರೆಯ ಮೇಲೆ ಹಿಡಿದ ಆ ಕ್ಯಾಚು! ಏಳು ರನ್ನಿನಿಂದ ಗೆದ್ದೆವು. ಜಂಗಮಕೋಟೆಯ ಬೀದಿಯಲ್ಲಿ ಪಟಾಕಿ ಸಿಡಿಯಿತು.

ಸಂಭ್ರಮದ ನಡುವೆ ವಿರಾಟ್ ಕೊಹ್ಲಿ ಕಪ್ ತಂದು ದ್ರಾವಿಡ್ ಕೈಗೆ ಕೊಟ್ಟರು. ಎಂದೂ ಏರುದನಿ ಮಾಡದ ಆ ಮನುಷ್ಯ ಕಪ್ಪನ್ನು ಎತ್ತಿ ಹಿಡಿದು ಹುಲಿಯಂತೆ ಕೂಗಿದರು. ಹುಡುಗರೆಲ್ಲ ಸೇರಿ ಅವರನ್ನು ಗಾಳಿಗೆ ಹಾರಿಸಿ ಹಿಡಿದರು. "ಅಯ್ಯೋ, ಜೋಪಾನ ಕಣ್ರೋ, ವಯಸ್ಸಾದೋರು" ಎಂದರು ನಮ್ಮತ್ತೆ. ಅವರಿಗೆ ಆಗ ವಯಸ್ಸು ಐವತ್ತೊಂದು.

ಹತ್ತು ದಿನದ ಮೇಲೆ ರೋಹಿತ್ ಶರ್ಮಾ ಒಂದು ಪತ್ರದಂಥದ್ದು ಬರೆದು ಎಲ್ಲರೂ ಓದುವಂತೆ ಹಾಕಿದರು. ಅಷ್ಟು ದೊಡ್ಡ ಹೆಸರಿದ್ದರೂ ಅದನ್ನೆಲ್ಲ ಬಾಗಿಲಾಚೆ ಬಿಟ್ಟು ನಮ್ಮ ಜೊತೆ ಸರಿಸಮ ಕೂತಿರಿ ಎಂದು ಅದರಲ್ಲಿತ್ತು. ಇನ್ನೊಂದು ತಮಾಷೆಯೂ ಇತ್ತು. ದ್ರಾವಿಡ್ ಅವರನ್ನು ತಮ್ಮ ಹೆಂಡತಿ 'ಕೆಲಸದ ಕಡೆಯ ಹೆಂಡತಿ' ಎಂದು ಕರೆಯುತ್ತಾಳೆ ಎಂದು ಬರೆದಿದ್ದರು. ಮಗ ಓದಿ ಹೇಳಿದಾಗ ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಅದು ತಮಾಷೆ ಎನಿಸಲಿಲ್ಲ. ನಮ್ಮ ಕೆಲಸದ ಹೆಸರೇ ಒಬ್ಬರ ಮೆಚ್ಚುಗೆಯ ಮಾತಾಗಿದೆಯಲ್ಲಾ ಎಂದು ಹಿತವಾಯಿತು.

ಇನ್ನು ಸೌಟಿನ ವಿಷಯ. ತಂಡದಲ್ಲಿ ನಮ್ಮ ಉತ್ತರ ಕನ್ನಡದ ಕುಮಟಾದ ರಾಘವೇಂದ್ರ ಎಂಬವರಿದ್ದಾರೆ, ಎಲ್ಲರಿಗೂ 'ರಘು'. ಉದ್ದನೆಯ ಸೌಟಿನಂಥ ಒಂದು ಸಾಧನದಿಂದ ಚೆಂಡನ್ನು ಬಿರುಗಾಳಿಯಂತೆ ಎಸೆದೆಸೆದು ಬ್ಯಾಟುಗಾರರಿಗೆ ಅಭ್ಯಾಸ ಮಾಡಿಸುವುದು ಅವರ ಕೆಲಸ. ವೇಗದ ಚೆಂಡನ್ನು ಎದುರಿಸಲು ಈ ಅಭ್ಯಾಸವೇ ದಾರಿಯಾಯಿತೆಂದು ಕೊಹ್ಲಿಯೇ ಹೊಗಳಿದ್ದಾರೆ. ಪಂದ್ಯದ ದಿನ ಅವರ ಹೆಸರು ಯಾವ ಬೋರ್ಡಿನಲ್ಲೂ ಬರುವುದಿಲ್ಲ. ಇಂಥವರು, ನೋವಿಗೆ ಔಷಧ ಮಾಡುವವರು, ಮೈ ತಿಕ್ಕುವವರು, ಎಲ್ಲ ಸೇರಿ ಒಂದು ತಂಡ.

ಗೆದ್ದ ತಂಡಕ್ಕೆ ಕ್ರಿಕೆಟ್ ಮಂಡಳಿ 125 ಕೋಟಿ ರೂಪಾಯಿ ಬಹುಮಾನ ಕೊಟ್ಟಿತು. ಆಟಗಾರರಿಗೂ ದ್ರಾವಿಡ್ ಅವರಿಗೂ ತಲಾ 5 ಕೋಟಿ, ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಕಲಿಸುವ ಉಳಿದ ತರಬೇತುದಾರರಿಗೆ ಎರಡೂವರೆ ಕೋಟಿ, ಮಿಕ್ಕ ಸಿಬ್ಬಂದಿಗೆ 2 ಕೋಟಿ ಎಂದು ಲೆಕ್ಕ. ನನ್ನ ಜೊತೆಯ ತರಬೇತುದಾರರಿಗೆ ಎಷ್ಟೋ ನನಗೂ ಅಷ್ಟೇ ಸಾಕು ಎಂದು ದ್ರಾವಿಡ್ ಅರ್ಧ ಹಣ ಬೇಡವೆಂದರೆಂದು ಪತ್ರಿಕೆಗಳಲ್ಲಿ ಬಂತು. 2018ರಲ್ಲೂ ಹೀಗೆಯೇ ಮಾಡಿದ್ದರು. ಅವರಿಗೆ 50 ಲಕ್ಷ, ಸಿಬ್ಬಂದಿಗೆ 20 ಲಕ್ಷ ಎಂದು ಘೋಷಣೆಯಾಗಿತ್ತು. ಅವರು ಒಪ್ಪದೆ, ಕೊನೆಗೆ ಎಲ್ಲರಿಗೂ 25 ಲಕ್ಷ ಎಂದಾಯಿತು.

ಈ ಸುದ್ದಿ ಓದಿ ನಮ್ಮ ಮನೆಯವರು ದ್ರಾವಿಡ್ ಗುಣಗಾನ ಮಾಡಿದ್ದೇ ಮಾಡಿದ್ದು. "ಮನುಷ್ಯ ಅಂದ್ರೆ ಹಿಂಗಿರಬೇಕು" ಎಂದರು. ಆ ಹೊತ್ತಿಗೆ ನಮ್ಮ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಬಂದು, ಹಣ ಅವರ ಖಾತೆಗೆ ಬಿದ್ದಿತ್ತು. ಚಂದ್ರಿಕೆಗೆ ಹುಳು ಬಿಡುವಾಗ ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ಹಣ್ಣಾಯಿತು, ಇದು ಇನ್ನೂ ಇಲ್ಲ ಎಂದು ಆರಿಸಿಕೊಟ್ಟವರು ನಮ್ಮತ್ತೆ. ಎಪ್ಪತ್ತು ದಾಟಿದ ಕಣ್ಣು, ಆದರೂ ತಪ್ಪುವುದಿಲ್ಲ. ನನಗೆ ಹುಳು ಸಾಕುವುದನ್ನು ಕಲಿಸಿದ ತರಬೇತುದಾರರು ಅವರೇ.

ನಾನು ಕಾಫಿ ಲೋಟ ಮುಂದಿಟ್ಟು ಕೇಳಿದೆ: "ಅಲ್ಲಾರೀ, ಈ ಬೆಳೆಯಲ್ಲಿ ಅತ್ತೆಯವರ ಪಾಲು ಎಷ್ಟು?"

"ಅಮ್ಮನಿಗೆ ಯಾಕೆ ದುಡ್ಡು? ಏನು ಬೇಕೋ ನಾನೇ ತಂದುಕೊಡ್ತೀನಲ್ಲ?"

"ದ್ರಾವಿಡ್ ಹಾಗಂದಿದ್ದರೆ ನೀವು ಅವರನ್ನ ಹೊಗಳ್ತಿದ್ರಾ?"

ಅವರು ಮಾತಾಡಲಿಲ್ಲ, ಕಾಫಿ ಕುಡಿದು ಎದ್ದು ಹೋದರು. ಮೂರು ದಿನ ಬಿಟ್ಟು ಅಮ್ಮನ ಉಳಿತಾಯ ಖಾತೆಗೆ ಐದು ಸಾವಿರ ಹಾಕಿ, ಪಾಸ್‌ಬುಕ್ ತಂದುಕೊಟ್ಟರು. "ಯಾಕಪ್ಪಾ ಇದು? ನಾನೆಲ್ಲಿಗೆ ಹೋಗ್ತೀನಿ?" ಎಂದು ನಮ್ಮತ್ತೆ ಗಾಬರಿಯಾದರು. ಆಮೇಲೆ ಸೆರಗಿನಲ್ಲಿ ಒರೆಸಿ, ಸೀರೆಗಳ ನಡುವೆ ಎತ್ತಿಟ್ಟರು. ಆ ದುಡ್ಡಿನಿಂದ ಅವರು ಕೊಂಡಿದ್ದು ಏನು ಗೊತ್ತೇ? ನಮ್ಮ ಮನೆಗೆ ಸೊಪ್ಪು ಕೊಯ್ಯಲು ಬರುವ ಇಬ್ಬರು ಹೆಂಗಸರಿಗೆ ಒಂದೊಂದು ಸೀರೆ! ಯಾವ ಪತ್ರಿಕೆಯನ್ನೂ ಓದದ ಅವರಿಗೆ ಪಾಲಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೆದ್ದ ದಿನ ದ್ರಾವಿಡ್ ನಗುತ್ತಾ, ಮುಂದಿನ ವಾರದಿಂದ ನಾನು ನಿರುದ್ಯೋಗಿ, ಏನಾದರೂ ಕೆಲಸವಿದ್ದರೆ ಹೇಳಿ ಎಂದಿದ್ದರು. ಕೆಲಸ ಸಿಕ್ಕಿತು. 2025ರ ಐಪಿಎಲ್‌ನಲ್ಲಿ ರಾಜಸ್ಥಾನ ತಂಡಕ್ಕೆ ತರಬೇತುದಾರರಾಗಿ, ಕಾಲಿಗೆ ಪೆಟ್ಟಾಗಿದ್ದರೂ ಊರುಗೋಲು ಹಿಡಿದೇ ಮೈದಾನಕ್ಕೆ ಬಂದರು. ಆ ಸಲ ತಂಡ ಗೆಲ್ಲಲಿಲ್ಲ. ಗೆಲ್ಲದ ವರ್ಷವೂ ಕಲಿಸುವವನ ದುಡಿಮೆ ಅಷ್ಟೇ ಇರುತ್ತದೆ. ಹುಳುವಿಗೆ ಸುಣ್ಣಕಟ್ಟು ರೋಗ ಬಂದು ಬೆಳೆ ಹೋದ ತಿಂಗಳೂ ನಾವು ರಾತ್ರಿ ಎದ್ದು ಸೊಪ್ಪು ಹಾಕಿರುತ್ತೇವಲ್ಲ, ಹಾಗೆ.

ಮನೆಯ ಕೆಲಸಕ್ಕೆ ಕಪ್ ಇಲ್ಲ, 125 ಕೋಟಿಯೂ ಇಲ್ಲ. ಹೆಂಗಸರನ್ನು ಗಾಳಿಗೆ ಹಾರಿಸಿ ಹಿಡಿಯುವುದೂ ಬೇಡ, ಸೊಂಟ ಉಳುಕೀತು! ಆದರೆ ಇರುವುದರಲ್ಲಿ ಪಾಲು ಮಾಡಬಹುದು, ಒಂದು ಒಳ್ಳೆಯ ಮಾತನ್ನು ಹೊರಡುವ ದಿನದವರೆಗೆ ಕಾಯಿಸದೆ ಇವತ್ತೇ ಆಡಬಹುದು. ನಿಮ್ಮ ಮನೆಯಲ್ಲೂ ಬೋರ್ಡಿನಲ್ಲಿ ಹೆಸರಿಲ್ಲದ ಒಬ್ಬರು ಇದ್ದೇ ಇರುತ್ತಾರೆ. ಅತ್ತೆಯೋ, ಅಮ್ಮನೋ, ಮುಸುರೆ ತಿಕ್ಕಲು ಬರುವವಳೋ. ಯಾರೆಂದು ನಿಮಗೇ ಗೊತ್ತು. ಈ ಸಲದ ಸಂಬಳವೋ, ಬೆಳೆಯ ಹಣವೋ ಬಂದಾಗ ಅವರ ಪಾಲು ಎಷ್ಟು ಎಂದು ಒಮ್ಮೆ ಕೇಳಿ ನೋಡಿ, ಸೋದರಿಯರೇ.