ಜೋಡೆತ್ತಿನ ಲೆಕ್ಕ

ಒಂದಕ್ಕೆ ಒಂದು ಕೂಡಿದರೆ ಎರಡಾಗುವುದೆಂದು ಬಾಲ್ಯದಲ್ಲಿ ಕಲಿತ ಪಾಠವನ್ನು ಮನುಷ್ಯನು ಬಹುಕಾಲ ಅನುಮಾನಿಸುವುದಿಲ್ಲ. ಒಂದು ದೀಪದ ಬದಲು ಎರಡು ಹಚ್ಚಿದರೆ ಬೆಳಕು ಹೆಚ್ಚುವುದು; ಒಬ್ಬನು ಎತ್ತಲಾರದ ಮೂಟೆಯನ್ನು ಇಬ್ಬರು ಎತ್ತುವರು. ಆದರೆ ನೊಗಕ್ಕೆ ಕಟ್ಟುವ ಎತ್ತುಗಳ ವಿಷಯದಲ್ಲಿ ರೈತನು ಈ ಲೆಕ್ಕವನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಎರಡೂ ಬಲವಾದ ಎತ್ತುಗಳಾದರೆ ಸಾಲದು, ಹೆಜ್ಜೆ ಕೂಡಬೇಕು. “ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು” ಎಂಬ ಗಾದೆ ಹುಟ್ಟಿರುವುದು ಇಂಥ ಅನುಭವದಿಂದಲೇ. 2016ರ ದೀಪಾವಳಿಯ ರಜೆಯಲ್ಲಿ, ಮೈಸೂರಿನ ಒಂದು ಮನೆಯಲ್ಲಿ, ನೊಗವನ್ನು ಮುಟ್ಟಿಯೂ ಅರಿಯದ ಅಣ್ಣತಮ್ಮಂದಿರಿಬ್ಬರ ಎದುರಿಗೆ ಈ ಗಾದೆಯು ಹೊಸದೊಂದು ವೇಷದಲ್ಲಿ ಬಂದು ನಿಂತಿತು.

ಅಣ್ಣನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದನು. ಆಟವಾಡುವ ಸಲುವಾಗಿ ಒಂದು ಕಂಪ್ಯೂಟರನ್ನು, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು, ತಾನೇ ಜೋಡಿಸಿಕೊಂಡಿದ್ದನು. ತೆರೆಯ ಮೇಲೆ ಓಡುವ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆದು ಕಳುಹಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡೆಂದು ಹೆಸರು. ಅವನಲ್ಲಿದ್ದುದು 2014ರಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾ ಜಿಟಿಎಕ್ಸ್ 970. ಮೊದಲಿನ ಸಣ್ಣ ತೆರೆಗೆ ಅದು ಧಾರಾಳವಾಗಿ ಸಾಲುತ್ತಿತ್ತು. ಹೊಸದಾಗಿ ದೊಡ್ಡ ತೆರೆಯನ್ನು ತಂದ ಮೇಲೆ, ಭಾರವಾದ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರ ಬರುವಲ್ಲಿ 30 ಮಾತ್ರ ಬರತೊಡಗಿದವು. ಆಗಲೇ ಅವನ ಸಹೋದ್ಯೋಗಿಯೊಬ್ಬನು ತನ್ನಲ್ಲಿದ್ದ ಅದೇ ಜಾತಿಯ ಕಾರ್ಡನ್ನು 15,000 ರೂಪಾಯಿಗೆ ಕೊಡುವೆನೆಂದು ಹೇಳಿದನು. ಆ ವರ್ಷವೇ ಬಂದಿದ್ದ ಜಿಟಿಎಕ್ಸ್ 1070ರ ಬೆಲೆ ಇದರ ಎರಡು ಪಟ್ಟಿಗೂ ಮಿಗಿಲಾಗಿತ್ತು. ಹಳೆಯದಕ್ಕೆ ಜೊತೆಯಾಗಿ ಇನ್ನೊಂದನ್ನು ಕಟ್ಟಿದರೆ ಅಗ್ಗದಲ್ಲಿ ಇಮ್ಮಡಿ ಬಲ ಬರುವುದಲ್ಲವೆ? ಈ ಪ್ರಶ್ನೆಯನ್ನು ಹೊತ್ತುಕೊಂಡು ಅವನು ಹಬ್ಬಕ್ಕೆ ಮನೆಗೆ ಬಂದನು. ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಾಗಿತ್ತು.

ಈ ಆಸೆಗೆ ಪೂರ್ವಚರಿತ್ರೆ ಇಲ್ಲದಿರಲಿಲ್ಲ. 1998ರಲ್ಲಿ ತ್ರೀಡಿಎಫ್ಎಕ್ಸ್ ಎಂಬ ಕಂಪೆನಿಯು ವೂಡೂ 2 ಎಂಬ ಕಾರ್ಡನ್ನು ಹೊರತಂದು, ಅಂಥ ಎರಡನ್ನು ಒಂದೇ ಯಂತ್ರದಲ್ಲಿ ಹೂಡುವ ಉಪಾಯವನ್ನು ತೋರಿಸಿತು. ತೆರೆಯ ಮೇಲಿನ ಗೆರೆಗಳಲ್ಲಿ ಸಮಸಂಖ್ಯೆಯವನ್ನು ಒಂದು ಕಾರ್ಡು, ಬೆಸಸಂಖ್ಯೆಯವನ್ನು ಇನ್ನೊಂದು ಬರೆಯುವುದು. ಈ ಏರ್ಪಾಡಿಗೆ ಎಸ್.ಎಲ್.ಐ. ಎಂದು ಹೆಸರು. ಆ ಕಂಪೆನಿಯು ನೆಲಕಚ್ಚಿ 2000ದ ಕೊನೆಯಲ್ಲಿ ಅದರ ಸ್ವತ್ತು ಎನ್ವಿಡಿಯಾದ ಪಾಲಾಯಿತು. 2004ರಲ್ಲಿ ಎನ್ವಿಡಿಯಾ ಅದೇ ಮೂರಕ್ಷರಗಳಿಗೆ ಬೇರೆ ಅರ್ಥವನ್ನು ಕೊಟ್ಟು ಜೋಡಿ ಕಾರ್ಡುಗಳನ್ನು ಮತ್ತೆ ಬಳಕೆಗೆ ತಂದಿತು. ಮರುವರ್ಷವೇ ಪ್ರತಿಸ್ಪರ್ಧಿಯಾದ ಎಟಿಐ ಕಂಪೆನಿಯ ಕ್ರಾಸ್‌ಫೈರ್ ಬಂದಿತು. ಎರಡು ಕಾರ್ಡುಗಳುಳ್ಳ ಪೆಟ್ಟಿಗೆಯು ಆಟಗಾರರ ನಡುವೆ ಒಂದು ಅಂತಸ್ತಿನ ಗುರುತಾಯಿತು. ಅಣ್ಣನು ಕಾಲೇಜಿನಲ್ಲಿ ಓದುತ್ತಿದ್ದಾಗ ಅಂಥ ಪೆಟ್ಟಿಗೆಗಳ ಚಿತ್ರಗಳನ್ನು ನೋಡಿ ಆಸೆಪಟ್ಟವನು.

ತಂದೆಯವರು ನಿವೃತ್ತರಾದ ಗಣಿತದ ಉಪಾಧ್ಯಾಯರು. ಆಟದಲ್ಲಿ ಅವರಿಗೆ ಅಭಿರುಚಿಯಿಲ್ಲ; ಲೆಕ್ಕವೆಂದರೆ ಮಾತ್ರ ಬಿಡುವವರಲ್ಲ. “ಇಬ್ಬರು ಕೆಲಸಗಾರರು ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತಾರೆ, ಅದನ್ನು ಹೇಳು” ಎಂದರು. ಅಣ್ಣನು ವಿವರಿಸಿದನು: ಈಗಿನ ಪದ್ಧತಿಯಲ್ಲಿ ಗೆರೆಗಳನ್ನು ಹಂಚುವುದಿಲ್ಲ, ಇಡೀ ಚಿತ್ರಗಳನ್ನು ಹಂಚುತ್ತಾರೆ. ಮೊದಲನೆಯ ಚಿತ್ರವನ್ನು ಒಂದು ಕಾರ್ಡು ಬರೆಯುತ್ತಿರುವಾಗಲೇ ಎರಡನೆಯದನ್ನು ಇನ್ನೊಂದು ಬರೆಯುವುದು. ಮೂರನೆಯದು ಮತ್ತೆ ಮೊದಲನೆಯದರ ಪಾಲು. ತಂದೆಯವರು ಒಂದು ಲಗ್ನಪತ್ರಿಕೆಯ ಹಿಂಬದಿಯನ್ನು ತಿರುಗಿಸಿ ಲೇಖನಿ ಹಿಡಿದರು.

ಸೆಕೆಂಡಿಗೆ 30 ಚಿತ್ರವೆಂದರೆ ಒಂದು ಚಿತ್ರಕ್ಕೆ ಸುಮಾರು 33 ಮಿಲಿಸೆಕೆಂಡು. ಎರಡು ಕಾರ್ಡುಗಳಿಂದ 60 ಚಿತ್ರ ಬಂದರೂ ಒಂದೊಂದು ಚಿತ್ರವನ್ನು ಬರೆಯಲು ಹಿಡಿಯುವ ಕಾಲ ಅದೇ 33. ಹಾಗಾದರೆ ಆಟಗಾರನು ಚಕ್ರವನ್ನು ತಿರುಗಿಸಿದ್ದು ತೆರೆಯ ಮೇಲೆ ಕಾಣುವುದಕ್ಕೆ ಕಾಯಬೇಕಾದ ಕಾಲ ಅರ್ಧಕ್ಕಿಳಿಯುವುದಿಲ್ಲ. ಇನ್ನು ಎರಡು ಕಾರ್ಡುಗಳ ಹೆಜ್ಜೆ ಕೂಡಿದರೆ 16.7 ಮಿಲಿಸೆಕೆಂಡಿಗೊಂದರಂತೆ ಚಿತ್ರಗಳು ಬರುವುವು. ಕೂಡದಿದ್ದರೆ? ಒಂದು 8ಕ್ಕೆ ಬಂದು, ಮುಂದಿನದು 25ಕ್ಕೆ ಬರಬಹುದು. ಸೆಕೆಂಡಿನ ಕೊನೆಗೆ ಎಣಿಸಿದರೆ 60 ಚಿತ್ರ ಇದ್ದೇ ಇರುವುದು. ಕಣ್ಣಿಗೆ ಮಾತ್ರ ಆಟ ತಡವರಿಸುವುದು. “ಆವರ್ತಕ್ಕೆ ಅಕ್ಷರ ಸರಿಯಾಗಿದೆ, ಲಯ ಕೆಟ್ಟಿದೆ” ಎಂದು ತಂದೆಯವರು ಲೇಖನಿಯಿಂದ ಮೇಜಿನ ಮೇಲೆ ಒಂದು ವಿಷಮ ತಾಳವನ್ನು ತಟ್ಟಿ ತೋರಿಸಿದರು.

ಉಳಿದ ಲೆಕ್ಕಗಳೂ ಅಷ್ಟೇ ನಿಷ್ಠುರವಾಗಿದ್ದುವು. ಒಂದೊಂದು ಕಾರ್ಡಿನಲ್ಲಿ 4 ಜಿಬಿ ನೆನಪು. ಎರಡೂ ಸೇರಿ 8 ಆಗುವುದಿಲ್ಲ. ಒಂದೇ ಆಟದ ಸಾಮಗ್ರಿಯನ್ನು ಎರಡೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕಾದುದರಿಂದ ಉಪಯೋಗಕ್ಕೆ ಬರುವುದು 4 ಮಾತ್ರ. ವಿದ್ಯುತ್ತಿನ ಖರ್ಚಾದರೋ ತಪ್ಪದೆ ಕೂಡುವುದು: ಒಂದಕ್ಕೆ 145 ವ್ಯಾಟ್, ಎರಡಕ್ಕೆ 290. ಅದಕ್ಕಾಗಿ ದೊಡ್ಡ ಪವರ್ ಸಪ್ಲೈ ಬೇಕು. ಕೆಳಗಿನ ಕಾರ್ಡು ಬಿಡುವ ಬಿಸಿಗಾಳಿಯನ್ನು ಮೇಲಿನದು ಎಳೆದುಕೊಳ್ಳುವುದರಿಂದ ಫ್ಯಾನುಗಳ ಸದ್ದೂ ಹೆಚ್ಚುವುದು. ಎಲ್ಲಕ್ಕಿಂತ ಮೇಲಾಗಿ, ಜೋಡಿಯನ್ನು ದುಡಿಸಿಕೊಳ್ಳುವುದಕ್ಕೆ ಆಯಾ ಆಟವೂ ಚಾಲಕ ತಂತ್ರಾಂಶವೂ ಅನುಕೂಲವಾಗಿರಬೇಕು. ಅನುಕೂಲವಿಲ್ಲದ ಆಟದಲ್ಲಿ ಎರಡನೆಯ ಕಾರ್ಡು ಕೊಟ್ಟಿಗೆಯಲ್ಲಿ ಮೇವು ತಿಂದು ಮಲಗಿದ ಎತ್ತು. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಈ ಜವಾಬ್ದಾರಿಯನ್ನು ಬಹುಮಟ್ಟಿಗೆ ಆಟ ಬರೆಯುವವರ ಹೆಗಲಿಗೇರಿಸಿತು. ಜೋಡಿ ಕಾರ್ಡುಳ್ಳ ಕೆಲವರಿಗಾಗಿ ಆ ಶ್ರಮವನ್ನು ಪಡಲು ಮುಂದೆ ಬಂದವರು ಸ್ವಲ್ಪ ಮಂದಿ.

ಇಷ್ಟೆಲ್ಲ ಮಾತು ನಡೆದಾಗಲೂ ತಮ್ಮನು ಬಾಯಿ ತೆರೆಯಲಿಲ್ಲ. ಈ ವಿಷಯದಲ್ಲಿ ಅಣ್ಣನಿಗಿಂತ ಹೆಚ್ಚು ಓದಿಕೊಂಡಿದ್ದವನು ಅವನೇ. “ನೀನೇನನ್ನುತ್ತೀಯೋ?” ಎಂದು ಕೇಳಿದಾಗ, “ನಿನಗೆ ಸರಿಕಂಡಂತೆ ಮಾಡಣ್ಣ” ಎಂದಷ್ಟೇ ಹೇಳಿ ಎದ್ದುಹೋದನು. ತಂದೆಯವರು ಅವನು ಹೋದ ದಿಕ್ಕನ್ನೊಮ್ಮೆ ನೋಡಿ ಲಗ್ನಪತ್ರಿಕೆಯನ್ನು ಮಡಿಸಿಟ್ಟರು.

ಆ ರಾತ್ರಿ ಪವರ್ ಸಪ್ಲೈಗಳ ಬೆಲೆಯನ್ನು ನೋಡಬೇಕೆಂದು ಅಣ್ಣನು ತಮ್ಮನ ಕಂಪ್ಯೂಟರಿನ ಮುಂದೆ ಕುಳಿತನು. ಅದು ಓದಿಗಾಗಿ ಕೊಡಿಸಿದ್ದ ಸಾಧಾರಣ ಯಂತ್ರ. ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು ಅದರಲ್ಲಿರಲಿಲ್ಲ. ಮೂಲೆಯಲ್ಲಿ ಮೋಟಾರು ಓಟದ ಆಟವೊಂದರ ಗುರುತು ಕಂಡಿತು. ಕುತೂಹಲದಿಂದ ತೆರೆದು ನೋಡಿದನು. ಚಿತ್ರದ ಅಳತೆಯನ್ನು ಅತಿ ಚಿಕ್ಕದಾಗಿಸಿ, ಮರಗಳನ್ನು, ನೆರಳುಗಳನ್ನು, ನೋಡುವ ಜನರನ್ನು ಒಂದೂ ಬಿಡದೆ ಆರಿಸಿ ಇಡಲಾಗಿತ್ತು. ಹಾಗಿದ್ದೂ ಕಾರು ತಿರುವಿನಲ್ಲಿ ನಿಂತು ನಿಂತು ಮುಂದೆ ಸರಿಯುತ್ತಿತ್ತು. ಚಿಕ್ಕವರಾಗಿದ್ದಾಗ ಅವರಿಬ್ಬರೂ ಒಂದೇ ಕೀಬೋರ್ಡಿನ ಮೇಲೆ, ಒಬ್ಬನು ಬಲಕ್ಕೆ ಬಾಣದ ಕೀಲಿಗಳನ್ನೂ ಇನ್ನೊಬ್ಬನು ಎಡಕ್ಕೆ ಅಕ್ಷರದ ಕೀಲಿಗಳನ್ನೂ ಹಿಡಿದು, ಮೊಣಕೈ ತಗುಲಿತೆಂದು ಜಗಳವಾಡುತ್ತ ಆಡುತ್ತಿದ್ದರು. ಅಣ್ಣನು ಬೆಂಗಳೂರಿಗೆ ಹೋದ ಮೇಲೆ, ಅಂತರ್ಜಾಲದ ಮೂಲಕ ಸೇರಿ ಆಡೋಣವೆಂದು ಎಷ್ಟೋ ಸಲ ಕರೆದಿದ್ದನು. “ಓದುವುದಿದೆ” ಎಂಬುದೇ ಪ್ರತಿ ಸಲದ ಉತ್ತರ. ಹುಡುಗನಿಗೆ ತನ್ನ ಮೇಲಿನ ಸಲಿಗೆ ತಪ್ಪಿತೆಂದು ಅಣ್ಣನು ಒಳಗೊಳಗೇ ನೊಂದುಕೊಂಡಿದ್ದನು. ಈಗ ಆ ಉತ್ತರದ ಅರ್ಥವೂ ಮಧ್ಯಾಹ್ನದ ಮೌನದ ಅರ್ಥವೂ ಒಟ್ಟಿಗೆ ತಿಳಿದುವು. ಜೋಡಿ ಬೇಡವೆಂದು ತಮ್ಮನು ವಾದಿಸಿದ್ದರೆ, ಆ ಎರಡನೆಯದು ತನಗೆ ಬರಲೆಂದು ಹೇಳಿದಂತೆ ಕೇಳಿಸುತ್ತಿತ್ತು.

ಬೆಳಗ್ಗೆ ಅಣ್ಣನು ಯಾವ ಪ್ರಸ್ತಾಪವನ್ನೂ ಮಾಡಲಿಲ್ಲ. ತಮ್ಮನ ಯಂತ್ರದ ಮುಚ್ಚಳವನ್ನು ಬಿಚ್ಚಿ ಕಾರ್ಡು ಹಿಡಿಸುವಷ್ಟು ಉದ್ದ ಜಾಗವುಂಟೆ ಎಂದು ಅಳೆದನು. ಬೆಂಗಳೂರಿಗೆ ಹಿಂದಿರುಗಿ ಸಹೋದ್ಯೋಗಿಗೆ ಹಣ ಕೊಟ್ಟನು. ತನಗಾಗಿ ಕೊಳ್ಳಬೇಕೆಂದಿದ್ದ ದೊಡ್ಡ ಪವರ್ ಸಪ್ಲೈಗೆ ಬದಲಾಗಿ ತಮ್ಮನ ಯಂತ್ರಕ್ಕೆ 500 ವ್ಯಾಟಿನದೊಂದನ್ನು ಕೊಂಡು, ಮುಂದಿನ ಶನಿವಾರವೇ ಎರಡನ್ನೂ ಮೈಸೂರಿಗೆ ತಂದನು. ತನ್ನ ದೊಡ್ಡ ತೆರೆಯಲ್ಲಿ ಭಾರವಾದ ಆಟಗಳ ನೆರಳು ಬೆಳಕುಗಳನ್ನು ಸ್ವಲ್ಪ ತಗ್ಗಿಸಿಕೊಂಡು, ಇದ್ದೊಂದು ಕಾರ್ಡಿನಲ್ಲಿಯೇ ತೃಪ್ತನಾದನು.

ಮುಂದಿನ ವರ್ಷಗಳು ಲಗ್ನಪತ್ರಿಕೆಯ ಲೆಕ್ಕವನ್ನೇ ಎತ್ತಿಹಿಡಿದುವು. 2021ರ ಜನವರಿ 1ರಿಂದ ಎಸ್.ಎಲ್.ಐ.ಗಾಗಿ ಹೊಸ ಆಟಗಳ ಏರ್ಪಾಡುಗಳನ್ನು ಚಾಲಕ ತಂತ್ರಾಂಶಕ್ಕೆ ಸೇರಿಸುವುದನ್ನು ಎನ್ವಿಡಿಯಾ ನಿಲ್ಲಿಸಿತು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090ರಲ್ಲಿ ಜೊತೆಗೂಡಿಸುವ ಸೇತುವೆಗೆ ಸ್ಥಳವನ್ನೇ ಇಡಲಿಲ್ಲ. ಒಂದೇ ಯಂತ್ರದಲ್ಲಿ ಹಲವು ಕಾರ್ಡುಗಳನ್ನಿಡುವ ಪದ್ಧತಿ ಅಳಿದಿಲ್ಲ. ಬಿಡಿಬಿಡಿಯಾಗಿ ಹಂಚಿ ಮಾಡಬಹುದಾದ ಗಣನೆಯ ಕೆಲಸಗಳಲ್ಲಿ ಅವು ಚೆನ್ನಾಗಿ ದುಡಿಯುತ್ತವೆ. ಕ್ಷಣಕ್ಷಣಕ್ಕೂ ಲಯ ತಪ್ಪದೆ ನಡೆಯಬೇಕಾದ ಆಟದ ಬಂಡಿಗೆ ಮಾತ್ರ ಒಂದೇ ಗಟ್ಟಿಯಾದ ಎತ್ತು ಮೇಲೆಂದಾಯಿತು.

ಆ ಶನಿವಾರದ ನಂತರ ಬಹುದಿನ ರಾತ್ರಿ ಊಟವಾದ ಮೇಲೆ ಮೈಸೂರಿನ ಮನೆಯ ಕೋಣೆಯಿಂದ ಕೂಗು ಕೇಳಿಬರುತ್ತಿತ್ತು: “ಅಣ್ಣಾ, ದಾರಿ ಬಿಡೋ! ಅಡ್ಡ ಬರಬೇಡ!” ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ತಂದೆಯವರು, ಗೆದ್ದವರು ಯಾರೆಂದು ಒಂದು ದಿನವೂ ಕೇಳಲಿಲ್ಲ. ಕೂಗು ನಿಂತ ಮೇಲೆ ಎದ್ದು ದೀಪ ಆರಿಸುತ್ತಿದ್ದರು.