ತಳ ತೋರದ ದೋಣಿಗಳು

ಮೈಸೂರಿನ ಪಶ್ಚಿಮಕ್ಕೆ ಹರಡಿಕೊಂಡಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಯನ್ನು ಹೊಗೆಸೊಪ್ಪಿನ ಸೀಮೆಯೆಂದು ಕರೆಯುವವರುಂಟು, ಕಾಡಿನ ಸೀಮೆಯೆಂದು ಕರೆಯುವವರೂ ಉಂಟು. ಆದರೆ ನಕ್ಷೆಯನ್ನು ಬಿಡಿಸಿ ನೋಡಿದವರಿಗೆ ಅದು ನೀರಿನ ಸೀಮೆಯಾಗಿಯೇ ಕಾಣುತ್ತದೆ. ಕೊಡಗಿನಿಂದ ಇಳಿದು ಬರುವ ಕಾವೇರಿ, ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರಿನ ಮಗ್ಗುಲಲ್ಲಿ ಹರಿಯುವ ಲಕ್ಷ್ಮಣತೀರ್ಥ, ವಯನಾಡಿನ ಮಳೆಯನ್ನು ಹೊತ್ತು ತರುವ ಕಪಿಲೆ. ಇವುಗಳ ನಡುನಡುವೆ ಲೆಕ್ಕವಿಲ್ಲದಷ್ಟು ಕೆರೆಕಟ್ಟೆಗಳು. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಬಲೆ, ಬಲೆಯಿದ್ದಲ್ಲಿ ಹರಿಗೋಲು ಇರಲೇಬೇಕಷ್ಟೆ.

ಹಿಂದೆ ಇಲ್ಲಿ ಹಳೆಯ ಹರಿಗೋಲೊಂದು ಕೈ ಬದಲಾಯಿಸಬೇಕಾದರೆ ಮಾರುವವನೂ ಕೊಳ್ಳುವವನೂ ಒಂದೇ ದಡದವರಾಗಿರುತ್ತಿದ್ದರು. ಅದನ್ನು ಹೆಣೆದವರು ಯಾರು, ಅದು ಎಷ್ಟು ಮಳೆಗಾಲ ಕಂಡಿದೆ, ಯಾವ ಬಂಡೆಗೆ ತಾಗಿ ಎಲ್ಲಿ ಹರಿದಿತ್ತು ಎಂಬುದೆಲ್ಲ ಊರಿಗೇ ತಿಳಿದ ಸಂಗತಿ. ಈಗ ಕಾಲ ಬದಲಾಗಿದೆ. ಅಂಗೈಯಲ್ಲಿ ಹಿಡಿದ ಫೋನಿನ ಪರದೆಯ ಮೇಲೆ ಹಳೆಯ ಕಾರು, ಹಳೆಯ ಟ್ರ್ಯಾಕ್ಟರ್, ಹಳೆಯ ಮಂಚಗಳ ಪಕ್ಕದಲ್ಲಿಯೇ ಹಳೆಯ ದೋಣಿಯೂ ಮಾರಾಟಕ್ಕೆ ನಿಂತಿರುತ್ತದೆ. ‘ಅತ್ಯುತ್ತಮ ಸ್ಥಿತಿ’, ‘ಬಳಸಿದ್ದು ಬಹಳ ಕಡಿಮೆ’, ‘ತುರ್ತು ಮಾರಾಟ’ ಎಂಬ ಒಕ್ಕಣೆ. ನೀಲಿ ಬಣ್ಣ ಮಿರುಗುವ ಒಂದೆರಡು ಚಿತ್ರ. ಮಾರುವವನ ಊರು ಕರಾವಳಿಯಾಗಿರಬಹುದು, ಕೇರಳವಾಗಿರಬಹುದು, ಅಥವಾ ಹೇಳಿದ ಊರಿನಲ್ಲಿ ಅಂಥ ದೋಣಿಯೇ ಇಲ್ಲದೆಯೂ ಇರಬಹುದು. ಮೀನುಗಾರ, ತೋಟದ ಮನೆಯ ಒಡೆಯ, ಪ್ರವಾಸಿಗರನ್ನು ನೀರಿನ ಮೇಲೆ ಸುತ್ತಾಡಿಸಿ ನಾಲ್ಕು ಕಾಸು ಗಳಿಸಬೇಕೆಂಬ ಆಸೆಯ ತರುಣ, ಎಲ್ಲರಿಗೂ ಈ ಪೇಟೆ ತೆರೆದೇ ಇದೆ.

ಇಂಥ ಪೇಟೆಯಲ್ಲಿ ಹಳೆಯ ಮಂಚವನ್ನು ಕೊಂಡು ಮೋಸಹೋದವನು ನೆಲಕ್ಕೆ ಬೀಳುತ್ತಾನೆ. ಹಳೆಯ ದೋಣಿಯ ಮಾತು ಹಾಗಲ್ಲ. ಈ ನಾಲ್ಕು ತಾಲೂಕುಗಳ ನೀರಿನ ದಂಡೆಯಲ್ಲಿ ಒಂದು ಸುತ್ತು ಬಂದರೆ ಅದು ಏಕೆಂಬುದು ತಾನಾಗಿಯೇ ಮನಸ್ಸಿಗೆ ಬರುತ್ತದೆ.

ಮರವನ್ನೂ ಚರ್ಮವನ್ನೂ ಬಲ್ಲ ಊರು

ಮೈಸೂರಿನಿಂದ ಹೊರಟ ಪ್ರಯಾಣಿಕನಿಗೆ ಬಿಳಿಕೆರೆಯನ್ನು ದಾಟಿ ಸುಮಾರು 45 ಕಿಲೋಮೀಟರು ಸಾಗಿದ ಮೇಲೆ ಮೊದಲು ಸಿಗುವುದು ಹುಣಸೂರು. ಒಂದು ಕಾಲಕ್ಕೆ ಅಮೃತಮಹಲ್ ದನಗಳ ಇಲಾಖೆಯ ಮುಖ್ಯ ಠಾಣ್ಯ ಇಲ್ಲಿಯೇ ಇತ್ತು. ಕಂಪನಿ ಸರ್ಕಾರದ ಸೈನ್ಯಕ್ಕೆ ಬೇಕಾದ ಚರ್ಮವನ್ನು ಹದಮಾಡುವ ಕೆಲಸವೂ ಇಲ್ಲಿ ನಡೆಯುತ್ತಿತ್ತು. ನಾಗರಹೊಳೆಯ ಕಾಡು ಬೆನ್ನಿಗಿರುವುದರಿಂದ ಮರದ ವ್ಯಾಪಾರಕ್ಕೂ ಊರು ಹೆಸರಾದದ್ದೇ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಗಟ್ಟಿಯೋ ಲಡ್ಡೋ ಎಂದು ಸದ್ದಿನಿಂದಲೇ ಹೇಳುವ ಬಡಗಿಗಳ ವಿದ್ಯೆ ಇಂಥ ಊರುಗಳದು.

ದೋಣಿಯ ವಿಚಾರದಲ್ಲಿ ಈ ತಟ್ಟಿ ನೋಡುವ ವಿದ್ಯೆಗೆ ಇಂದಿಗೂ ಬೆಲೆಯಿದೆ. ಮರದ ದೋಣಿಯ ಹಲಗೆ ಮೊಳೆ ಹೊಡೆದ ಕಡೆ, ಹಲಗೆಗೆ ಹಲಗೆ ಕೂಡಿದ ಕಡೆ, ಒಳಗೆ ಮಳೆನೀರು ನಿಲ್ಲುವ ಕಡೆ ಮೊದಲು ಕೊಳೆಯುತ್ತದೆ. ಫೈಬರ್ ದೋಣಿಗೆ ಕೊಳೆಯಿಲ್ಲವೆಂದು ನಂಬುವವರು ಅನೇಕರು. ಆದರೆ ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯೊಳಗೆ ಮರದ ಹಲಗೆಯನ್ನು ಹುದುಗಿಸಿರುವುದು ಸಾಮಾನ್ಯ. ಹೊರಗಿನ ಪದರದಲ್ಲಿ ಒಂದು ಬಿರುಕು ಬಿಟ್ಟು ನೀರು ಇಳಿದರೆ ಆ ಹಲಗೆ ಯಾರಿಗೂ ಕಾಣದಂತೆ ಮೆತ್ತಗಾಗುತ್ತದೆ. ಗಟ್ಟಿಯಾದ ಭಾಗವನ್ನು ತಟ್ಟಿದರೆ ಚುರುಕಾದ ಸದ್ದು, ಒಳಗೆ ನೀರು ಕುಡಿದು ಪದರ ಬಿಟ್ಟ ಭಾಗವನ್ನು ತಟ್ಟಿದರೆ ಮಂಕು ಸದ್ದು. ಜಾಹೀರಾತಿನ ಚಿತ್ರಕ್ಕೆ ಬಣ್ಣವುಂಟು, ಸದ್ದಿಲ್ಲ.

ಬಿದಿರಿನ ಬುಟ್ಟಿಯ ಗುಟ್ಟು

ಹುಣಸೂರಿನಿಂದ ಮುಂದೆ ಪಿರಿಯಾಪಟ್ಟಣ. ದಾರಿಯ ಎರಡೂ ಬದಿಗೆ ಹೊಗೆಸೊಪ್ಪು ಹದಮಾಡುವ ಎತ್ತರದ ಬೇರನ್ನುಗಳು, ಉತ್ತರದಲ್ಲಿ ಬೆಟ್ಟದಪುರದ ಬೆಟ್ಟ, ಪಶ್ಚಿಮದ ಅಂಚಿನಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ಜನ ನೆಲೆಸಿರುವ ಬೈಲುಕುಪ್ಪೆ. ಕೊಡಗಿನ ಎಲ್ಲೆಯಲ್ಲಿ ಕಾವೇರಿ ಈ ತಾಲೂಕಿನ ಅಂಚನ್ನು ಮುಟ್ಟಿಕೊಂಡು ಹೋಗುತ್ತಾಳೆ.

ಕಾವೇರಿಯ ಮೇಲಾಗಲಿ, ಒಳನಾಡಿನ ಕೆರೆಗಳಲ್ಲಾಗಲಿ, ಬಡವನ ದೋಣಿಯೆಂದರೆ ಹರಿಗೋಲು. ತೆಪ್ಪವೆಂದರೂ ಅದೇ. ಬಿದಿರಿನ ದಬ್ಬೆಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಅಂಚನ್ನು ಬಿಗಿದು ಕಟ್ಟಿ, ಹೊರಮೈಗೆ ಹೊದಿಕೆ ಹಾಕಿದರೆ ಹರಿಗೋಲಾಯಿತು. ವಿಜಯನಗರವನ್ನು ಸುಮಾರು 1520ರಲ್ಲಿ ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ಗುಂಡು ದೋಣಿಗಳಲ್ಲಿ ನದಿ ದಾಟುವುದನ್ನು ವರ್ಣಿಸಿದ್ದಾನೆ. ಅಂದು ಹೊದಿಕೆ ಚರ್ಮದ್ದು. ಇಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಅಥವಾ ಇಡೀ ಹರಿಗೋಲೇ ಫೈಬರಿನದು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಚಿಕ್ಕದನ್ನು ಒಬ್ಬನೇ ಬೆನ್ನ ಮೇಲೆ ಬೋರಲಾಗಿ ಹೊತ್ತು ಕೆರೆಯಿಂದ ಕೆರೆಗೆ ನಡೆಯಬಲ್ಲ.

ಆದರೆ ಇಷ್ಟು ಸರಳವಾದ ವಸ್ತುವೂ ಗುಟ್ಟನ್ನು ಅಡಗಿಸಬಲ್ಲದು. ಹೊಸ ಡಾಂಬರಿನ ಒಂದು ಪದರ ಹಳೆಯ ಹತ್ತು ತೂತುಗಳನ್ನು ಮುಚ್ಚುತ್ತದೆ. ಹೊದಿಕೆಯ ಕೆಳಗೆ ಬಿದಿರು ಹುಳು ಹಿಡಿದು ಪುಡಿಯಾಗಿದ್ದರೂ ಮೇಲಿನಿಂದ ನೋಡಿದವನಿಗೆ ಕಪ್ಪಗೆ ಹೊಳೆಯುವ ಹರಿಗೋಲೇ ಕಾಣುತ್ತದೆ. ಒಳಗೆ ಕಾಲಿಟ್ಟು ಅಂಚನ್ನು ಎರಡೂ ಕೈಯಲ್ಲಿ ಅದುಮಿದಾಗ ಬಿದಿರು ಬಾಗಿ ಮತ್ತೆ ನೆಟ್ಟಗಾಗಬೇಕು. ಕಟಕಟನೆ ಸದ್ದು ಮಾಡಿದರೆ ಅದರ ಆಯುಷ್ಯ ಮುಗಿದಿದೆಯೆಂದೇ ಅರ್ಥ.

ಹಲ್ಲು ನೋಡದೆ ಎತ್ತು ಕೊಳ್ಳುವವರುಂಟೇ?

ಕೃಷ್ಣರಾಜನಗರಕ್ಕೆ ನೀರಿನ ನೆನಪು ಹುಟ್ಟಿನೊಂದಿಗೇ ಬಂದಿದೆ. ಕಾವೇರಿಯ ಪ್ರವಾಹದಿಂದ ನೊಂದ ಎಡತೊರೆಯ ಜನರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ನದಿಯಿಂದ ದೂರ ಸರಿದು ಅಗಲವಾದ ಬೀದಿಗಳೊಡನೆ ಕಟ್ಟಿದ ಹೊಸ ಊರು ಇದು. ಹಳೆಯ ಎಡತೊರೆಯ ಅರ್ಕೇಶ್ವರ ಮಾತ್ರ ಇನ್ನೂ ನದಿಯ ದಡದಲ್ಲಿಯೇ ಇದ್ದಾನೆ. ಮೇಲ್ಗಡೆ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಸುಮಾರು 20 ಮೀಟರು ಧುಮುಕುತ್ತಾಳೆ. ಕೆಳಗಡೆ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೇಮಾವತಿಯನ್ನೂ ಲಕ್ಷ್ಮಣತೀರ್ಥವನ್ನೂ ಕೂಡಿಕೊಳ್ಳುತ್ತಾಳೆ. ಮೂರು ನದಿಗಳು ಸೇರುವ ಆ ಎಡೆಗೆ ಹೊಂದಿಕೊಂಡಿರುವ, ಮಂಡ್ಯ ಜಿಲ್ಲೆಗೆ ಸೇರಿದ ಒಂದು ಊರಿನ ಹೆಸರು ಅಂಬಿಗರಹಳ್ಳಿ.

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಬೇಕು! ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟೇನಾದರೂ ಉಂಟೋ ಎಂದು ಹಿಂದಿನಿಂದ ದಿಟ್ಟಿಸುತ್ತಾನೆ. ಜೊತೆಗೆ ಬಂದ ಭಾವಮೈದುನನೂ ಒಮ್ಮೆ ಮೈದಡವಿ ನೋಡುತ್ತಾನೆ. ಆ ಮೇಲೆಯೇ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತು. ಎತ್ತಿನ ಚಿತ್ರ ತೋರಿಸಿ ಮುಂಗಡ ಕೇಳಿದವನನ್ನು ಆ ಜಾತ್ರೆ ನಕ್ಕು ಅಟ್ಟಿಬಿಡುತ್ತದೆ.

ಅದೇ ರೈತನ ಮಗ ದೋಣಿಯನ್ನು ಚಿತ್ರದಿಂದ ಕೊಳ್ಳಲು ಹೊರಡುವುದು ವಿಚಿತ್ರವಲ್ಲವೆ? ಆ ಚಿತ್ರಗಳನ್ನು ಸ್ವಲ್ಪ ಸಾವಧಾನದಿಂದ ನೋಡಿದರೆ ಅವುಗಳ ನಡತೆ ತಿಳಿಯುತ್ತದೆ. ದೋಣಿ ಹೆಚ್ಚಾಗಿ ದಡದ ಮೇಲಿರುತ್ತದೆ, ನೀರಿನಲ್ಲಿರುವುದಿಲ್ಲ. ನೀರಿನಲ್ಲಿದ್ದರೆ ಒಳಭಾಗ ಕಾಣುವುದಿಲ್ಲ. ಒಳಭಾಗ ಕಂಡರೆ ಆಸನಗಳ ಹೊಸ ಬಟ್ಟೆ ಮಾತ್ರ ಕಾಣುತ್ತದೆ, ಅಡಿಯಲ್ಲಿ ನಿಂತ ನೀರು ಕಾಣುವುದಿಲ್ಲ. ಚಿತ್ರ ತೆಗೆದದ್ದು ಈ ವರ್ಷವೋ ಐದು ವರ್ಷಗಳ ಹಿಂದೆಯೋ ಎಂಬುದಕ್ಕೆ ಗುರುತಿಲ್ಲ. ಮತ್ತು ತಳ? ತಳವನ್ನು ತೋರಿಸುವ ಚಿತ್ರ ಬಹಳ ಅಪರೂಪ. ‘ಸಣ್ಣಪುಟ್ಟ ರಿಪೇರಿ ಇದೆ’ ಎಂಬ ಮಾತಿನ ಹಿಂದೆ ತಳವೇ ಹೊಸದಾಗಬೇಕಾದ ದೋಣಿಯಿರಬಹುದು. ‘ಎಂಜಿನ್ ಚಾಲನೆಯಲ್ಲಿದೆ’ ಎಂಬ ಮಾತಿಗೆ, ಅದು ದಡದ ಮೇಲೆ ಅರ್ಧ ನಿಮಿಷ ಉರಿಯಿತು ಎಂಬುದಷ್ಟೇ ಅರ್ಥವಿರಬಹುದು. ಒಮ್ಮೆ ನೀರಿನಲ್ಲಿ ಮುಳುಗಿ ಎದ್ದ ಎಂಜಿನ್ ಕೂಡ ಅಷ್ಟು ಹೊತ್ತು ಉರಿಯಬಲ್ಲದು.

ದೋಣಿಯನ್ನು ನೋಡುವ ಮೊದಲೇ ಮುಂಗಡ ಕೇಳುವವನಂತೂ ಬೇರೆಯೇ ಜಾತಿಯವನು. ಅವನ ಬಳಿ ಹಳೆಯ ದೋಣಿಯೂ ಇರುವುದಿಲ್ಲ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರಿಡಬೇಕೆಂದು ಸರ್ಕಾರವೇ ವ್ಯವಸ್ಥೆ ಮಾಡಿದೆ.

ಕಪಿಲೆಯ ಮುಳುಗಿದ ಕಾಡು

ಕಡೆಯ ತಾಣ ಹೆಗ್ಗಡದೇವನಕೋಟೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳು ಈ ಹಳೆಯ ತಾಲೂಕಿನ ಎಲ್ಲೆಯೊಳಗಿದ್ದವು; ಸರಗೂರು ಬೇರೆ ತಾಲೂಕಾದ ಮೇಲೆ ಹಂಚಿಕೆಯಾದವು. ಅವುಗಳಲ್ಲಿ ಹಿರಿದಾದ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದರ ಹಿನ್ನೀರು ಹಳ್ಳಿಗಳನ್ನು, ಹೊಲಗಳನ್ನು, ಕಾಡನ್ನು ಒಳಗೊಂಡಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಸೀಮೆಯೂ ಇದೇ. ಇಂದು ಆನೆಗಳ ಹಿಂಡನ್ನು ನೀರಿನ ಮೇಲಿನಿಂದಲೇ ನೋಡುವ ಆಸೆಯಿಂದ ದೇಶವಿದೇಶದ ಜನ ಇಲ್ಲಿಗೆ ಬರುತ್ತಾರೆ.

ಹಿನ್ನೀರಿನ ನಡುವೆ ಎಲೆಯಿಲ್ಲದ ಒಣಮರಗಳು ಇಂದಿಗೂ ನಿಂತಿವೆ. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತವೆ. ನೋಡುವವರಿಗೆ ಅದು ಚೆಲುವಾದ ದೃಶ್ಯ; ದೋಣಿ ನಡೆಸುವವನಿಗೆ ಎಚ್ಚರಿಕೆಯ ಗುರುತು. ಕಾಣುವ ಮರಗಳಿಗಿಂತ ಕಾಣದ ಮೋಟುಗಳು ಹೆಚ್ಚು. ಬೇಸಗೆಯಲ್ಲಿ ನೀರು ಇಳಿದಂತೆ ಅವು ದೋಣಿಯ ತಳಕ್ಕೆ ಹತ್ತಿರವಾಗುತ್ತವೆ. ಗಟ್ಟಿಯಾದ ತಳಕ್ಕೆ ಅದು ಒಂದು ಗೀರು. ಬಣ್ಣ ಬಳಿದು ಮುಚ್ಚಿದ ಲಡ್ಡು ತಳಕ್ಕೆ ಅದೇ ಕಡೆಯ ಪೆಟ್ಟು.

ಅಂಥ ಪೆಟ್ಟು ಬಿದ್ದಾಗ ದೋಣಿಯಲ್ಲಿ ಇರುವವರು ಯಾರು? ಮಾರಿದವನಲ್ಲ, ಎಷ್ಟೋ ವೇಳೆ ಕೊಂಡವನೂ ಅಲ್ಲ. ರಜೆಗೆಂದು ಬಂದ ಕುಟುಂಬ, ಆನೆ ಕಾಣುವುದೆಂದು ಅಂಚಿಗೆ ಬಗ್ಗಿದ ಮಗು. ಕಪಿಲೆ ಹುಟ್ಟುವ ಕೇರಳದಲ್ಲಿಯೇ, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, 2023ರ ಮೇ 7ರಂದು ಪ್ರವಾಸಿ ದೋಣಿಯೊಂದು ಮಗುಚಿ 22 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಹಳೆಯ ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಲಾಗಿತ್ತು, ಅದರಲ್ಲಿ ಮಿತಿಮೀರಿ ಜನರನ್ನು ತುಂಬಲಾಗಿತ್ತು ಎಂಬ ಸಂಗತಿಗಳು ಆ ಬಳಿಕ ಬೆಳಕಿಗೆ ಬಂದವು. ಟಿಕೇಟು ಕೊಂಡು ಹತ್ತಿದವರಿಗೆ ಆ ದೋಣಿಯ ಹಿಂದಿನ ಜನ್ಮವನ್ನು ತಿಳಿಯುವ ದಾರಿ ಎಲ್ಲಿತ್ತು?

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಯಂತ್ರದಿಂದ ನಡೆಯುವ ಒಳನಾಡಿನ ದೋಣಿಗಳಿಗೆ ತಪಾಸಣೆಯ ಪ್ರಮಾಣಪತ್ರವೂ ನೋಂದಣಿಯೂ ಇರಬೇಕೆಂದು 2021ರ ಒಳನಾಡು ಹಡಗುಗಳ ಅಧಿನಿಯಮ ವಿಧಿಸುತ್ತದೆ. ಆದ್ದರಿಂದ ಕೊಳ್ಳುವವನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಈ ಕಾಗದಗಳನ್ನು. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಬಚ್ಚಿಡುವ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತೇ ಎಂದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಹೇಳುತ್ತದೆ. ಮಾರಿದವನು ವ್ಯಾಪಾರಿಯಾಗಿದ್ದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. 1915 ಸಂಖ್ಯೆಯಲ್ಲಿ ಸಲಹೆ ಪಡೆಯಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ದೋಣಿ ಕೊಂಡ ಮೀನುಗಾರನೂ ಈ ಕಾನೂನಿನ ಕಣ್ಣಿಗೆ ಗ್ರಾಹಕನೇ ಎಂಬುದು ಸಮಾಧಾನದ ಮಾತು. ಆದರೆ 1872ರ ಕರಾರು ಅಧಿನಿಯಮದ ಇನ್ನೊಂದು ಮಾತನ್ನೂ ಮರೆಯಬಾರದು: ಮಾರುವವನ ಬರಿಯ ಮೌನ ಸಾಮಾನ್ಯವಾಗಿ ವಂಚನೆ ಎನಿಸುವುದಿಲ್ಲ. ಕೇಳದವನಿಗೆ ಹೇಳುವ ಹಂಗು ಮಾರುವವನಿಗೆ ಎಲ್ಲ ಸಂದರ್ಭಗಳಲ್ಲಿಯೂ ಇಲ್ಲ. ಆದ್ದರಿಂದ ಕೇಳಬೇಕು; ಕೇಳಿದ್ದಕ್ಕೆ ಬಂದ ಉತ್ತರವನ್ನು ಬರಹದಲ್ಲಿ ಪಡೆಯಬೇಕು; ಬರಹವನ್ನೂ ನಂಬದೆ ದೋಣಿಯನ್ನು ನೀರಿಗಿಳಿಸಿ, ಒಂದೆರಡು ಗಂಟೆ ತೇಲಬಿಟ್ಟು, ಒಳಗೆ ಎಷ್ಟು ನೀರು ಬಂತೆಂದು ನೋಡಬೇಕು. ದೋಣಿಯನ್ನು ಬಲ್ಲ ಹಿರಿಯನೊಬ್ಬನನ್ನು, ಎತ್ತಿನ ಜಾತ್ರೆಗೆ ಕರೆದೊಯ್ಯುವಂತೆ, ಜೊತೆಗೆ ಕರೆದೊಯ್ಯಬೇಕು. ಹತ್ತುವ ಪ್ರವಾಸಿಯೂ ಜೀವರಕ್ಷಕ ಅಂಗಿ ಎಲ್ಲಿ, ಈ ದೋಣಿಗೆ ಎಷ್ಟು ಜನರ ಅನುಮತಿ ಎಂದು ಕೇಳಲು ನಾಚಬಾರದು.

ಹೊತ್ತು ಮುಳುಗುವ ವೇಳೆಗೆ ಬಲೆಯನ್ನು ಮುಗಿಸಿ ದಡಕ್ಕೆ ಬಂದ ಮೀನುಗಾರರು ಹರಿಗೋಲನ್ನು ಮೇಲೆಳೆದು, ಬೋರಲಾಗಿ ಕವುಚಿ, ಮನೆಯ ದಾರಿ ಹಿಡಿಯುತ್ತಾರೆ. ಹೊದಿಕೆ ಒಣಗಲಿ, ಮಳೆನೀರು ನಿಲ್ಲದಿರಲಿ ಎಂಬುದಷ್ಟೇ ಅವರ ಉದ್ದೇಶ. ಆದರೆ ಹಾಗೆ ಕವುಚಿದ ಹರಿಗೋಲುಗಳ ಹಳೆಯ ತೇಪೆಗಳು, ಹೊಸ ಡಾಂಬರು, ಕಲ್ಲು ಗೀರಿದ ಗುರುತುಗಳು ದಾರಿಹೋಕರಿಗೆಲ್ಲ ಕಾಣುತ್ತವೆ. ಅವುಗಳಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು ಎಂಬುದನ್ನು ಆ ದಡದ ಹುಡುಗರೂ ಹೇಳಬಲ್ಲರು.